ಅನಾನಸ್ ರಸ ಇಲ್ಲದೆಯೂ ಆಗುತ್ತದೆ

ನಿಮ್ಮ ರೆಸಿಪಿಯಲ್ಲಿ ಸ್ವೀಟ್ ಅಂಡ್ ಸೋರ್ (ಸಿಹಿ-ಹುಳಿ) ಸಾಸ್‌ಗೆ ಡಬ್ಬಿಯ ಅನಾನಸ್ ರಸ ಬೇಕೇ ಬೇಕು ಎಂದು ಬರೆದಿದ್ದೀರಿ. ಅದೊಂದು ನನಗೆ ಒಪ್ಪಿಗೆಯಿಲ್ಲ, ಸುಮ್ನೆ ಖರ್ಚು. ನಾನು ಅರ್ಧ ಕಪ್ ನೀರಿಗೆ 3 ಚಮಚ ಸಕ್ಕರೆ, 2 ಚಮಚ ವಿನಿಗರ್, 2 ಚಮಚ ಟೊಮೆಟೊ ಕೆಚಪ್, 1 ಚಮಚ ಸೋಯಾ ಸಾಸ್ ಹಾಕಿ ಕುದಿಸುತ್ತೇನೆ. ಆಮೇಲೆ 1 ಚಮಚ ಕಾರ್ನ್‌ಫ್ಲೋರ್ ತಣ್ಣೀರಲ್ಲಿ ಕದಡಿ ಸೇರಿಸುತ್ತೇನೆ. ತಣ್ಣೀರೇ ಆಗಬೇಕು. ಹಿಟ್ಟನ್ನು ನೇರವಾಗಿ ಬಿಸಿಗೆ ಸುರಿದರೆ ಗಂಟು ಗ್ಯಾರಂಟಿ (ಮೊದಲ ಸಲ ಟೀ ಸೋಸುವ ಜರಡಿಯಲ್ಲಿ ಸೋಸಿದ್ದೆ!). ಹೊಳಪು ಬಂದು ಚಮಚಕ್ಕೆ ಅಂಟಿದರೆ ಸಾಕು, ಉರಿ ನಿಲ್ಲಿಸಿ. ತಣ್ಣಗಾದಾಗ ಇನ್ನೂ ಗಟ್ಟಿಯಾಗುತ್ತದೆ. ಉಪ್ಪು ಕೊನೆಗೆ ರುಚಿ ನೋಡಿಯೇ ಹಾಕಿ, ಸೋಯಾದಲ್ಲೇ ಜಾಸ್ತಿ ಇರುತ್ತದೆ ಅಲ್ವಾ? ಒಮ್ಮೆ ವಿನಿಗರ್ ಇಲ್ಲವೆಂದು ಹುಣಸೆರಸ ಹಾಕಿದೆ. ರುಚಿ ಚೆನ್ನಾಗಿಯೇ ಇತ್ತು, ಆದರೆ ಸಾಸ್ ಹೋಗಿ ಗೊಜ್ಜಾಯಿತು.