ದೊಡ್ಡದಾದ ಮೀನನ್ನು ದಯವಿಟ್ಟು ಕೆರೆಗೆ ಬಿಡಬೇಡಿ
ಅಕ್ವೇರಿಯಂ ಮೀನು ತೀರಾ ದೊಡ್ಡದಾದರೆ ಹತ್ತಿರದ ಕೆರೆಗೆ ಬಿಡಬಹುದು ಎಂಬ ಸಲಹೆ ಮೀನು ಸಾಕುವ ಬಗೆಗಿನ ನಿಮ್ಮ ಲೇಖನದಲ್ಲಿದೆ. ಆ ಸಾಲನ್ನು ದಯವಿಟ್ಟು ತೆಗೆದುಹಾಕಿ.

'ಟ್ಯಾಂಕ್ ಕ್ಲೀನರ್' ಎಂದು ಮಾರುವ ಸಕ್ಕರ್ ಮೀನನ್ನೇ ನೋಡಿ. ಅಂಗಡಿಯಲ್ಲಿ ಬೆರಳುದ್ದ ಇರುತ್ತದೆ, ಗಾಜಿಗೆ ಬಾಯಿ ಅಂಟಿಸಿಕೊಂಡು ಸುಮ್ನೆ ಕೂತಿರುತ್ತದೆ. ಬೆಳೆದರೆ ಒಂದೂವರೆ ಅಡಿ ಮುಟ್ಟಬಹುದು. ಮೈತುಂಬ ಗಟ್ಟಿ ಎಲುಬಿನ ಕವಚ, ರೆಕ್ಕೆಯಲ್ಲಿ ಮುಳ್ಳು. ಕೆರೆಗೆ ಬಿದ್ದರೆ ದಂಡೆಯಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ, ಮಣ್ಣು ಸಡಿಲವಾಗುತ್ತದೆ. ಬಲೆಗೆ ಸಿಕ್ಕಿದರೆ ಮುಳ್ಳು ಬಿಡಿಸುವಷ್ಟರಲ್ಲಿ ಬಲೆಯೇ ಹರಿಯುತ್ತದೆ. ಮಾರೋಣ ಎಂದರೆ ಕೊಳ್ಳುವವರಿಲ್ಲ. ಮೀನು ಹಿಡಿದು ಬದುಕುವವರ ಹೊಟ್ಟೆಗೆ ಹೊಡೆದ ಹಾಗೆ ಅಲ್ವಾ? 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲೂ ಅಮೆರಿಕದ ಅಲಿಗೇಟರ್ ಗಾರ್ ಎಂಬ ಮೊಸಳೆ ಮೂತಿಯ ಮೀನು ಸಿಕ್ಕಿತ್ತು. ಯಾರೋ ಸಾಕಿ ಬಿಟ್ಟಿದ್ದೇ ಇರಬೇಕು.

ಇನ್ನೊಂದು ಮಾತು. ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ ಎಂದು ಜಾಸ್ತಿ ಜನ ನಂಬಿದ್ದಾರೆ. ಅದು ತಪ್ಪು. ಇಕ್ಕಟ್ಟಿನ ನೀರಿನಲ್ಲಿ ಗಲೀಜು ಏರಿ ಮೀನು ಸೊರಗುತ್ತದೆ, ಅಷ್ಟೇ. ಎರಡಡಿ ಟ್ಯಾಂಕಿನಲ್ಲಿ ಬೆಳೆದ ಆಸ್ಕರ್ ಮೀನು ನೋಡಿದ್ದೀರಾ? ತಿರುಗಲು ಜಾಗ ಸಾಲದೆ ಮೂತಿ ಗಾಜಿಗೆ ಉಜ್ಜಿ ಗಾಯವಾಗಿರುತ್ತದೆ. ನೋಡಿದರೆ ಸಂಕಟವಾಗುತ್ತದೆ. ಆಸ್ಕರ್ ಒಂದಡಿ ಬೆಳೆಯುತ್ತದೆ, ಒಂದಕ್ಕೇ ನಾಲ್ಕಡಿ ಟ್ಯಾಂಕ್ ಬೇಕು. 'ಶಾರ್ಕ್' ಎಂದು ಮಾರುವ ಪಂಗಾಸಿಯಸ್ ಅಂತೂ ಮೂರಡಿ ದಾಟಬಲ್ಲದು, ಅದು ಮನೆಯಲ್ಲಿ ಸಾಕುವ ಮೀನೇ ಅಲ್ಲ.

ಸಾಕಲು ಆಗದಿದ್ದರೆ ಅಂಗಡಿಗೇ ವಾಪಸ್ ಕೊಡಿ, ಇಲ್ಲವೇ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ. ಹೊಸದಾಗಿ ತರುವವರು ಪೂರ್ತಿ ಬೆಳೆದಾಗ ಎಷ್ಟುದ್ದ ಆಗುತ್ತದೆ ಎಂದು ಮೊದಲೇ ಕೇಳಿ.