ಅಗ್ಗದ ಕಯಾಕು, ಅನುಭವಿ ಭಾಮೈದ

ಕಯಾಕ್, ಅಂದರೆ ಕೂತು ಹುಟ್ಟು ಹಾಕುವ ಪುಟ್ಟ ದೋಣಿ, ಕೊಳ್ಳುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಈಜು ಬರುತ್ತಾ? ಭಾರ ಹೊರೋಕೆ ಬರುತ್ತಾ ಅಂತ ಒಬ್ಬರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೂ. ಅಗ್ಗದ ಪ್ಲಾಸ್ಟಿಕ್ ಕಯಾಕ್ ಅಂದರೆ ಹೆಚ್ಚುಕಮ್ಮಿ 3 ಮೀಟರ್ ಉದ್ದ, 75 ಸೆಂಟಿಮೀಟರ್ ಅಗಲ, 20ರಿಂದ 25 ಕಿಲೋ ತೂಕ. ನೀರಿನ ಮೇಲೆ ಅದು ನಮ್ಮನ್ನು ಹೊರುವುದು ಒಂದೆರಡು ಗಂಟೆ. ಮಿಕ್ಕ ಹೊತ್ತೆಲ್ಲ ನಾವೇ ಅದನ್ನು ಹೊರಬೇಕು. ಮನೆಯಿಂದ ಕಾರಿಗೆ, ಕಾರಿನಿಂದ ದಡಕ್ಕೆ, ಆಮೇಲೆ ಅದೇ ದಾರಿಯಲ್ಲಿ ವಾಪಸ್ಸು, ಈ ಸಲ ಒದ್ದೆ ಬಟ್ಟೆಯಲ್ಲಿ.

ನನ್ನ ಹೆಂಡತಿ ಮಾತ್ರ ವಿಷಯದ ಬುಡಕ್ಕೇ ಕೈ ಹಾಕಿದಳು. "ಎಲ್ಲಿ ಇಡ್ತೀರಿ?" ಅಂದಳು. ನಾನು ದೋಣಿಯ ಬಣ್ಣದ ಬಗ್ಗೆ ಮಾತು ತೆಗೆದೆ.

ಸಲಹೆಗೆ ಭಾಮೈದ ಇದ್ದ. ಅವನಿಗೆ ಕಯಾಕಿನ ಅನುಭವ ಜಾಸ್ತಿ. ಅಂದರೆ ಲೆಕ್ಕವಿಲ್ಲದಷ್ಟು ವಿಡಿಯೋ ನೋಡಿದ್ದಾನೆ. ಸಾಲದ್ದಕ್ಕೆ ಸ್ವಂತದ್ದೊಂದು ಕಯಾಕೂ ಇದೆ, ಗಾಳಿ ತುಂಬುವಂಥದ್ದು. "ಭಾವ, ಬ್ಯಾಗಲ್ಲಿ ಹಾಕ್ಕೊಂಡು ಹೋಗಬಹುದು" ಅನ್ನುವುದು ಅವನ ಹೆಮ್ಮೆ. ಹೋಗಬಹುದು, ನಿಜ. ತೊಂದರೆ ಇರುವುದು ಬರುವಾಗ. ಅದು ಒಂದು ಕಾಲದಲ್ಲಿ ಆ ಬ್ಯಾಗಿನೊಳಗೆ ಹಿಡಿಸಿತ್ತು ಅನ್ನುವುದಕ್ಕೆ ಈಗ ಯಾವ ಸಾಕ್ಷಿಯೂ ಇಲ್ಲ. ಮಡಿಕೆಯಲ್ಲಿ ನೀರು ಉಳಿದರೆ ಬೂಸ್ಟು ಹಿಡಿಯುತ್ತೆ. ಹಾಗಾಗಿ ಮನೆಗೆ ತಂದು, ಮತ್ತೆ ಗಾಳಿ ತುಂಬಿ, ಪೂರ್ತಿ ಒಣಗಿಸಬೇಕು. ಒಮ್ಮೆ ಅವರ ಮನೆಗೆ ಹೋದರೆ ಸೋಫಾ ಇದ್ದ ಜಾಗದಲ್ಲಿ ಕಯಾಕ್ ಒಣಗುತ್ತಿತ್ತು. ಸೋಫಾ ಬಾಲ್ಕನಿಯಲ್ಲಿತ್ತು. ನಾವು ಬಾಲ್ಕನಿಯಲ್ಲೇ ಕೂತು ಬಂದೆವು.

ಗಾಳಿ ದೋಣಿಗೆ ಗಾಳಿಯೇ ಶತ್ರು. ಅದು ನೀರಿನಲ್ಲಿ ಹೆಚ್ಚು ಇಳಿಯದೆ ಮೇಲೆ ಮೇಲೆ ತೇಲುತ್ತೆ. ಸ್ವಲ್ಪ ಬೀಸಿದರೂ ಸಾಕು, ಪಕ್ಕಕ್ಕೆ ಜಾರುತ್ತೆ. ನೇರ ಹೋಗಲಿ ಅಂತ ತಳಕ್ಕೆ ಸಿಕ್ಕಿಸುವ ಪುಟ್ಟ ರೆಕ್ಕೆಯೊಂದನ್ನು ಕೊಟ್ಟಿರುತ್ತಾರೆ. ಒಮ್ಮೆ ಎಲ್ಲರೂ ಕೆರೆಗೆ ಹೋದಾಗ ಭಾಮೈದನ ರೆಕ್ಕೆ ಬ್ಯಾಗಿನಲ್ಲೇ ಉಳಿದಿತ್ತು, ಬ್ಯಾಗು ದಡದಲ್ಲಿ ನಮ್ಮ ಹತ್ತಿರ. ಕೆರೆಯ ನಡುವಿನಿಂದ ಅವನು ಕೈ ಬೀಸಿದ. ನಾವೂ ಬೀಸಿದೆವು. ಅವನು ಎರಡೂ ಕೈ ಬೀಸಿದ. "ಎಷ್ಟು ಖುಷಿಯಾಗಿದ್ದಾನೆ ನೋಡ್ರೀ" ಅಂತ ನನ್ನ ಹೆಂಡತಿ ಫೋಟೋ ತೆಗೆದಳು. ಕೊನೆಗೆ ಅವನು ಸಿಕ್ಕಿದ್ದು ಆಚೆ ದಡದ ಜೊಂಡಿನೊಳಗೆ. ಕಾರಿನಲ್ಲಿ ಕೆರೆ ಸುತ್ತಿ ಹೋಗಿ ಹತ್ತಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ಅವನು ಆಡಿದ್ದು ಒಂದೇ ಮಾತು: "ಒಳ್ಳೆ ಸ್ಪೀಡಿದೆ ಭಾವ."

ಗಾಳಿಯದು ಬೇಡ ಅಂತಾಯಿತು. ಉಳಿದದ್ದು ಒಳಗೆ ಕಾಲು ತೂರಿಸಿ ಕೂರುವ ಜಾತಿ, ಇಲ್ಲವೇ ಮೇಲೆ ಕೂರುವ ಜಾತಿ. ಒಳಗೆ ಕೂರುವುದರಲ್ಲಿ ಗಾಂಭೀರ್ಯ ಇದೆ, ಒಪ್ಪುತ್ತೇನೆ. ಆದರೆ ತೀರಾ ಅಗ್ಗದವುಗಳಲ್ಲಿ ಹಿಂದೆ ಮುಂದೆ ನೀರು ನುಗ್ಗದ ಹಾಗೆ ಮುಚ್ಚಿದ ಖಾನೆ ಇರುವುದಿಲ್ಲ. ಮಗುಚಿತು ಅಂದರೆ 100 ಲೀಟರಿಗೂ ಮೀರಿ ನೀರು ಒಳಗೆ ಬರುತ್ತೆ, ಅಂದರೆ ನೂರು ಕಿಲೋಗೂ ಜಾಸ್ತಿ. ನಡುನೀರಿನಲ್ಲಿ ಅದನ್ನು ಖಾಲಿ ಮಾಡಿ ಮತ್ತೆ ಹತ್ತುವುದು ಸುಮ್ನೆ ಮಾತಲ್ಲ. ಆರ್ಕ್ಟಿಕ್ ಕಡೆಯ ನುರಿತ ಇನುಯಿಟ್ ಬೇಟೆಗಾರರಿಗೆ ಇದರ ತಾಪತ್ರಯವೇ ಇರಲಿಲ್ಲ. ಮಗುಚಿದರೆ ಕೂತಲ್ಲಿಂದಲೇ ಹುಟ್ಟು ಬೀಸಿ ಉರುಳಿ ಮೇಲೆದ್ದುಬಿಡುತ್ತಿದ್ದರು. ಅವರ ದೋಣಿಯೂ ಹಾಗಿತ್ತು: ತೇಲಿ ಬಂದ ಮರದ ಚೌಕಟ್ಟು, ಅದರ ಮೇಲೆ ಸೀಲ್ ಪ್ರಾಣಿಯ ಚರ್ಮ, ಎಲ್ಲವೂ ಬೇಟೆಗಾರನ ಸೊಂಟ, ತೋಳು, ಮುಷ್ಟಿಯ ಅಳತೆಗೆ. ನಮಗೆ ಸಿಗುವುದು ರೆಡಿಮೇಡ್ ಪ್ಯಾಂಟಿನ ಲೆಕ್ಕ, ನಾವೇ ಅದಕ್ಕೆ ಹೊಂದಿಕೊಳ್ಳಬೇಕು. ಭಾಮೈದ ಅಂಗಡಿಯಲ್ಲೇ ಒಂದರೊಳಗೆ ಕೂತು ನೋಡಿದ. ಕೂತದ್ದು ಸಲೀಸಾಗಿತ್ತು. ಏಳಿಸೋಕೆ ಅಂಗಡಿಯ ಹುಡುಗರು ಎರಡು ಕಡೆಯಿಂದ ಎಳೆಯಬೇಕಾಯಿತು. ಆಮೇಲೆ ಅವರು ನಮಗೆ ಬೇರೆ ಏನನ್ನೂ ತೋರಿಸಲಿಲ್ಲ.

ಅಂದಹಾಗೆ, ಆಸ್ಟ್ರಿಯಾದ ಹಾನ್ಸ್ ಪಾವ್ಲಾಟಾ ಎಂಬಾತ ಈ ಉರುಳಿ ಏಳುವ ವಿದ್ಯೆಯನ್ನು 1927ರಲ್ಲಿ ಬರೀ ಓದಿಕೊಂಡೇ ಕಲಿತನಂತೆ. ಇದನ್ನು ನಾನು ಭಾಮೈದನಿಗೆ ಇನ್ನೂ ಹೇಳಿಲ್ಲ. ಹೇಳುವ ಯೋಚನೆಯೂ ಇಲ್ಲ.

ಮೇಲೆ ಕೂರುವ ಜಾತಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿದೆವು. ಒಬ್ಬರ ಮನೆಯ ಶೆಡ್ಡಿನಲ್ಲಿ ಎರಡು ಇದ್ದವು. ಮೊದಲನೆಯದನ್ನು ಬೋರಲು ಹಾಕುತ್ತಲೇ ಭಾಮೈದ ನನ್ನ ಕಿವಿಗೆ ಬಾಯಿಟ್ಟ. "ಭಾವ, ತಳದಲ್ಲೇ ತೂತು! ಅರ್ಧ ರೇಟಿಗೆ ಕೇಳಿ." ಒಂದಲ್ಲ, ನಾಲ್ಕು ತೂತು. ಅವು ಬೇಕಂತಲೇ ಬಿಟ್ಟಿರುವ ಕೊಳವೆಗಳು, ಮೇಲೆ ಚೆಲ್ಲಿದ ನೀರು ಅಲ್ಲಿಂದ ಕೆಳಗೆ ಇಳಿದುಹೋಗಲಿ ಅಂತ. ಮಾರುವವರು ತಾಳ್ಮೆಯಿಂದ ವಿವರಿಸಿದರು. ಭಾಮೈದ ಅದನ್ನೂ ಚೌಕಾಸಿ ಅಂತಲೇ ತಿಳಿದು ನನಗೆ ಕಣ್ಣು ಹೊಡೆದ.

ನೋಡಬೇಕಾದದ್ದು ತೂತಿನ ಸುತ್ತ ಬಿರುಕು ಇದೆಯಾ ಅಂತ. ಮತ್ತೆ ಹಿಂದಿನ ತುದಿಯ ತಳ, ನೆಲದ ಮೇಲೆ ಎಳೆದಾಡಿದವರ ಕೈಯಲ್ಲಿ ಸವೆಯುವುದು ಅಲ್ಲೇ. ತಳ ಸ್ವಲ್ಪ ತಗ್ಗಾಗಿದ್ದರೆ ಚಿಂತೆಯಿಲ್ಲ, ಬಿಸಿಲಿಗೆ ಇಟ್ಟರೆ ಎಷ್ಟೋ ಸಲ ತಾನಾಗಿ ಉಬ್ಬಿಕೊಳ್ಳುತ್ತೆ. ವರ್ಷಗಟ್ಟಲೆ ಬಿಸಿಲಲ್ಲೇ ಬಿದ್ದು ಬಣ್ಣ ಹೋಗಿದ್ದರೆ ಮಾತ್ರ ಹುಷಾರು, ಪ್ಲಾಸ್ಟಿಕ್ ಪೆಡಸಾಗಿರುತ್ತೆ. ಕೊನೆಗೆ ಎತ್ತಿ ಅಲ್ಲಾಡಿಸಿ ಒಳಗೆ ನೀರಿನ ಸದ್ದಿದೆಯಾ ಕೇಳಬೇಕು. ಅಲ್ಲಾಡಿಸಿದೆವು. ಒಳಗೆ ಏನೋ ಗಡಗಡ ಉರುಳಿತು. ಮನೆಯೊಳಗಿಂದ ಒಬ್ಬ ಪುಟ್ಟ ಹುಡುಗ "ನನ್ನ ಕಾರು!" ಅಂತ ಓಡಿ ಬಂದ. ಸಾಮಾನಿಡುವ ಮುಚ್ಚಳ ತೆಗೆದು ಭಾಮೈದ ಹೆಗಲವರೆಗೂ ಕೈ ತೂರಿಸಿ ಆಟದ ಕಾರನ್ನು ಹೊರಗೆ ತೆಗೆದ. ಚಕ್ರ ಒಂದು ಇರಲಿಲ್ಲ. ಹುಡುಗ ಅದನ್ನು ನಮ್ಮ ಲೆಕ್ಕಕ್ಕೆ ಬರೆದುಕೊಂಡ ಅಂತ ಕಾಣುತ್ತೆ, ಹೋಗುವವರೆಗೂ ನಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದ.

ಆ ಮೊದಲನೆಯ ಕಯಾಕಿನ ಮೇಲೆ 120 ಕಿಲೋ ಅಂತ ಬರೆದಿತ್ತು. ಅದು ಹೊರಬಹುದಾದ ಭಾರದ ಗರಿಷ್ಠ ಮಿತಿ. ಆರಾಮಾಗಿ ಹೋಗಬೇಕಾದರೆ ಅದರಲ್ಲಿ ಶೇಕಡ 70ರಷ್ಟನ್ನು ಮಾತ್ರ ಹಿಡಿಯುವುದು ರೂಢಿ, ಅಂದರೆ 84 ಕಿಲೋ. ಅದರಲ್ಲೇ ಬಟ್ಟೆ, ನೀರಿನ ಬಾಟಲಿ, ಬುತ್ತಿ ಎಲ್ಲ ಬಂತು. ಮಾರುವವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸರ್, ನಿಮ್ಮ ತೂಕ?" ನಾನು ಬಾಯಿ ತೆರೆಯುವ ಮುಂಚೆ ಹೆಂಡತಿ ಹೇಳಿಬಿಟ್ಟಳು, ದಶಾಂಶದ ಸಮೇತ. ಯಾರೂ ಏನೂ ಮಾತಾಡದೆ ಎರಡನೆಯ ಕಯಾಕಿನ ಕಡೆ ನಡೆದೆವು. ಅದರ ಮೇಲೆ 150 ಅಂತ ಇತ್ತು. ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ. ನೋಡೋಕೆ ಚೆನ್ನಾಗಿಲ್ಲ, ಆದರೆ ನೀರಿನ ಮೇಲೆ ದೂರದಿಂದ ಕಾಣುವುದು ಅಂಥ ಬಣ್ಣವೇ. ಭಾರ ಮಿತಿಯ ಹತ್ತಿರ ಬಂದರೆ ಆ ತೂತುಗಳು ಉಲ್ಟಾ ಕೆಲಸ ಮಾಡಿ ನೀರನ್ನು ಮೇಲೆ ಕಳಿಸುತ್ತವೆ. ಕೂತ ಜಾಗ ಒದ್ದೆಯಾಗುವುದಕ್ಕಿಂತ ಕಿತ್ತಳೆ ಬಣ್ಣ ವಾಸಿ ಅಲ್ವಾ?

ದೋಣಿಯಲ್ಲಿ ಉಳಿಸಿದ ದುಡ್ಡನ್ನು ಹುಟ್ಟಿಗೆ ಹಾಕಿದೆ. ಭಾಮೈದನಿಗೆ ಇದು ಸರಿ ಕಾಣಲಿಲ್ಲ. "ಕೋಲಿಗೆ ಯಾಕೆ ಭಾವ ಅಷ್ಟು?" ಲೆಕ್ಕ ಸುಲಭ. ನಿಮಿಷಕ್ಕೆ 30 ಸಲ ಬೀಸಿದರೂ ಗಂಟೆಗೆ 1800 ಸಲ. ಅಗ್ಗದ ಅಲ್ಯೂಮಿನಿಯಂ ಹುಟ್ಟು 300 ಗ್ರಾಂ ಜಾಸ್ತಿ ಇದ್ದರೆ ಗಂಟೆಗೆ 540 ಕಿಲೋ ಸುಮ್ನೆ ಎತ್ತಿಳಿಸಿದ ಹಾಗೆ. ಲೈಫ್ ಜಾಕೆಟ್ಟಿನಲ್ಲೂ ಜುಗ್ಗತನ ಬೇಡ. ಚುಚ್ಚುವ ಜಾಕೆಟ್ಟು ಮೈಮೇಲೆ ಇರುವುದಿಲ್ಲ, ಸೀಟಿನ ಹಿಂದೆ ಇರುತ್ತೆ.

ಮೊದಲ ದಿನ ಪಾದ ಮುಳುಗುವಷ್ಟು ನೀರಿನಲ್ಲಿ ದೋಣಿ ನಿಲ್ಲಿಸಿ, ಭಾಮೈದ ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡ. ಮೊದಲು ಕೂರಬೇಕು, ಆಮೇಲೆ ಕಾಲು ಒಳಗೆ ತರಬೇಕು. ನಾನು ಅರ್ಧ ಕೂತಿದ್ದೆ. "ಭಾವ, ಇಲ್ಲಿ ನೋಡಿ" ಅಂದ. ತಿರುಗಿದರೆ ಅವನ ಎರಡೂ ಕೈಯಲ್ಲಿ ಮೊಬೈಲ್ ಇತ್ತು. ಫೋಟೋ ತುಂಬಾ ಸ್ಪಷ್ಟವಾಗಿ ಬಂದಿದೆ. ಕಿತ್ತಳೆ ದೋಣಿ ಖಾಲಿ ಹೋಗುತ್ತಿದೆ, ನೀರಿನಿಂದ ನನ್ನ ಕಾಲೆರಡು ಮೇಲೆದ್ದಿವೆ.

ನಾನು ಬಟ್ಟೆ ಹಿಂಡುತ್ತಿದ್ದಾಗ ಹೆಂಡತಿ "ಒಂದು ನಿಮಿಷ ಕೊಡಿ" ಅಂತ ಜಾಕೆಟ್ಟು ಹಾಕಿಕೊಂಡಳು. ಹಿಡಿಯೋಕೆ ಬಂದ ತಮ್ಮನನ್ನು ದೂರ ನಿಲ್ಲಿಸಿದಳು. ಕೂತಳು, ಕಾಲು ತಂದಳು, ಹೊರಟೇಬಿಟ್ಟಳು. ಅಗಲದ ದೋಣಿ ಒಂದೊಂದು ಬೀಸಿಗೂ ಮೂತಿ ಅತ್ತಿತ್ತ ತಿರುಗಿಸುತ್ತೆ ಅಂತ ನಾವು ಹೇಳಿದ್ದೆವು. ಅವಳಿಗೆ ಅದು ಯಾಕೋ ಹಾಗೆ ಮಾಡಲಿಲ್ಲ. ಭಾಮೈದನೂ ನಾನೂ ದಡದಲ್ಲಿ ಕೂತು ಬುತ್ತಿ ಮುಗಿಸಿದೆವು. ಬಿಸಿಲಿಳಿಯುವ ಹೊತ್ತಿಗೆ ಮೈ ಒಂದು ಚೂರೂ ಒದ್ದೆಯಾಗದೆ ವಾಪಸ್ಸು ಬಂದಳು.

"ಚೆನ್ನಾಗಿದೆ ರೀ, ಇದು ನನಗಿರಲಿ" ಅಂದಳು. "ನಿಮಗೊಂದು ನೋಡ್ಕೊಳ್ಳಿ."

ಭಾಮೈದ ಆಗಲೇ ಮೊಬೈಲ್ ತೆಗೆದಿದ್ದ. "ಭಾವ, ತೂತಿಲ್ಲದ್ದೇ ಒಂದು ಇದೆ."