ಅಕ್ಕನ ಎರಡು ಗಂಟೆ

ಭಾನುವಾರ ಮಧ್ಯಾಹ್ನ ಬಾಡೂಟ ಉಂಡು ಒಂದು ನಿದ್ದೆ ತೆಗೆಯೋದು ಮಂಡ್ಯದವರ ಹುಟ್ಟುಹಕ್ಕು. ಮೊನ್ನೆ ಅದೂ ಹೋಯಿತು. ಕಾರಣ, ಟಾಂಜಾನಿಯಾದಲ್ಲಿರುವ ನಮ್ಮಕ್ಕ.

ಅಕ್ಕ ಕನ್ಯಾಸ್ತ್ರೀ. ಡೊಡೊಮಾ ಕಡೆಯ ಹಳ್ಳಿಯೊಂದರಲ್ಲಿ ಅವರ ಕನ್ಯಾಸ್ತ್ರೀ ಸಂಘದ ಚಿಕ್ಕ ಆಸ್ಪತ್ರೆ ಇದೆ, ಅಲ್ಲಿ ನರ್ಸು. "ಭಾನುವಾರ ಎರಡು ಗಂಟೆಗೆ ವಿಡಿಯೋ ಕಾಲ್ ಮಾಡ್ತೀನಿ, ಅವ್ವನ್ನ ಕೂರಿಸಿರು" ಅಂತ ವಾಯ್ಸ್ ಮೆಸೇಜ್ ಬಿಟ್ಟಿದ್ದಳು. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಂದರೆ ನಮಗೆ ನಾಲ್ಕೂವರೆ. ಅವ್ವ ಮೂರಕ್ಕೇ ನನ್ನನ್ನ ಎಬ್ಬಿಸಿ, ಒಳ್ಳೆ ಸೀರೆ ಉಟ್ಟು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂತಳು.

ಐದಾಯಿತು. ಆರಾಯಿತು. ಫೋನಿನ ಚಾರ್ಜ್ ಮುಗಿಯಿತು, ನನ್ನದೂ. ಕಾಲ್ ಬಂದದ್ದು ರಾತ್ರಿ ಹತ್ತೂವರೆಗೆ, ಅವ್ವ ಗೊರಕೆ ಹೊಡೆಯುವಾಗ.

"ಎರಡು ಗಂಟೆ ಅಂದಿದ್ನಲ್ಲೋ! ಕತ್ತಲಾಗಿ ಎರಡು ಗಂಟೆ."

ಸ್ವಾಹಿಲಿ ಲೆಕ್ಕದಲ್ಲಿ ಗಂಟೆ ಶುರುವಾಗೋದು ಹೊತ್ತು ಹುಟ್ಟಿದಾಗಿಂದ. ಬೆಳಿಗ್ಗೆ ಏಳು ಅಂದರೆ ಒಂದು ಗಂಟೆ. ಮಧ್ಯಾಹ್ನ ಹನ್ನೆರಡು ಅಂದರೆ ಆರು. ಸಂಜೆ ಏಳಕ್ಕೆ ಮತ್ತೆ ಒಂದರಿಂದ ಎಣಿಕೆ. ಭೂಮಧ್ಯರೇಖೆ ಹತ್ತಿರದ ದೇಶ, ವರ್ಷವಿಡೀ ಸೂರ್ಯ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಹುಟ್ಟುತ್ತಾನೆ. ಅವರಿಗೇನು, ಸಲೀಸು. ನಾನು ಮಾತ್ರ ಅಕ್ಕ ಹೇಳಿದ್ದಕ್ಕೆ ಆರು ಕೂಡಿಸಬೇಕು, ಅದರ ಮೇಲೆ ಎರಡೂವರೆ ಕೂಡಿಸಬೇಕು, ಆಮೇಲೆ ಹಗಲೋ ರಾತ್ರಿಯೋ ಅಂತ ಕಣಿ ಕೇಳಬೇಕು. ಕಬ್ಬಿನ ಬಿಲ್ಲಿನ ಲೆಕ್ಕವೇ ಇದಕ್ಕಿಂತ ವಾಸಿ. ಯಾವಾಗಲೂ ಹಾಗೇ ಹೇಳಿದರೆ ಹೇಗೋ ಅಭ್ಯಾಸ ಆಗುತ್ತಿತ್ತು. ಇವಳು ವಿಮಾನದ ಟಿಕೆಟ್ ವಿಷಯ ಬಂದರೆ ನಮ್ಮ ಗಡಿಯಾರ ನೋಡುತ್ತಾಳೆ, ಅವ್ವನ ವಿಷಯಕ್ಕೆ ಅವರ ಗಡಿಯಾರ!

ಚರ್ಚಿನ ಹತ್ತಿರ ಸಿಕ್ಕವರೆಲ್ಲ "ಅಕ್ಕ ಆಫ್ರಿಕಾದಲ್ಲಿ ದೇವರ ಸೇವೇಲಿ ಇದ್ದಾರೆ, ಅಲ್ವಾ?" ಅಂತಾರೆ. ಹೌದು, ಹೆಚ್ಚಾಗಿ ಸೋಲಾರ್ ಬ್ಯಾಟರಿ ಸೇವೆ. ಮಲೇರಿಯಾ ಪರೀಕ್ಷೆ, ಹೆರಿಗೆ ಮುಗಿಸಿ ಕೂತರೆ ನೀರಿನ ಟ್ಯಾಂಕು ಖಾಲಿ. ವಾಸದ ಪರ್ಮಿಟ್ಟಿಗೆ ಅರ್ಜಿ, ದುಡ್ಡು ಕೊಟ್ಟವರಿಗೆ ಫೋಟೋ ಸಮೇತ ರಿಪೋರ್ಟು. ಭಾನುವಾರದ ಪೂಜೆಗೆ ಹಾಡು ಕುಣಿತ ಎಲ್ಲಾ ಸೇರಿ ಅರ್ಧ ದಿನ. ಕಾಣಿಕೆಗೆ ಬಂದ ಕೋಳಿ, ಮೊಟ್ಟೆ, ಜೋಳ ಆಮೇಲೆ ಅಲ್ಲೇ ಹರಾಜು. ಮೊನ್ನೆ ಹುಂಜವೊಂದು ಹರಾಜಿನ ಕೂಗು ಮುಗಿಯೋ ಮೊದಲೇ ಕಾಲಿನ ದಾರ ಬಿಡಿಸಿಕೊಂಡು ಓಡಿತಂತೆ. ಬೆಲೆ ಕೂಗಿದವನು ದುಡ್ಡು ಕೊಡಲ್ಲ ಅಂದ, ಹಿಡಿದ ಹುಡುಗ ಕೋಳಿ ಕೊಡಲ್ಲ ಅಂದ. ಈ ಪಂಚಾಯ್ತಿಗೂ ನಮ್ಮಕ್ಕನೇ.

ಅವ್ವನಿಗೆ ಆ ದೇಶದ ಮೇಲೆ ಇರೋದು ಒಂದೇ ತಕರಾರು. ಅಲ್ಲಿ ಉಗಾಲಿ ಅಂತ ಮುಸುಕಿನ ಜೋಳದ ಹಿಟ್ಟಿನ ಮುದ್ದೆ ಮಾಡ್ತಾರೆ. "ಬೆಳ್ಳಗಿದ್ರೆ ಇರ್ಲಿ. ಅಗೀತಾರಂತಲ್ಲೋ!"

ಟಿಪ್ಪು ಸತ್ತ ಮೇಲೆ ನಮ್ಮ ಶ್ರೀರಂಗಪಟ್ಟಣಕ್ಕೆ ಬಂದು, ಈ ಸೀಮೆಯ ಜನಕ್ಕೆ ಸಿಡುಬಿನ ಲಸಿಕೆ ಹಾಕಿಸಿದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ 1792ರಲ್ಲಿ ಭಾರತಕ್ಕೆ ಬಂದವರು, ವಾಪಸ್ ಹೊರಟಿದ್ದು 1823ರಲ್ಲಿ. ಅವರ ಮನೆಯವರಿಗೆ ಗಂಟೆ ಕೂಡಿಸಿ ಕಳೆಯೋ ಕಷ್ಟ ಇರಲಿಲ್ಲ. ಕಾಗದಕ್ಕೆ ಕಾಯೋ ಅವ್ವ ಒಬ್ಬಳು ಅಲ್ಲೂ ಇದ್ದಳೇನೋ. ಇದನ್ನ ಹೇಳಿದರೆ ನಮ್ಮವ್ವ ಸುಮ್ನೆ ಫೋನ್ ಒರೆಸುತ್ತಾಳೆ.

ನಾನು ಅಕ್ಕನನ್ನ ಬೈದರೆ ಮಾತ್ರ ತಕ್ಷಣ ವಕಾಲತ್ತು. "ನಿಮ್ಮಜ್ಜನೂ ಹೊತ್ತು ಹುಟ್ಟಿದಾಗಿಂದ್ಲೇ ಗಳಿಗೆ ಎಣಿಸ್ತಿದ್ದು. ಅವಳದ್ದೇ ಸರಿ." ಅಷ್ಟಕ್ಕೇ ಬಿಡಲಿಲ್ಲ. ಅಕ್ಕನ ಟೈಮಿಗೆ ಅಂತಲೇ ಇನ್ನೊಂದು ಗೋಡೆ ಗಡಿಯಾರ ತರಿಸಿ ಹಾಲಿನಲ್ಲಿ ಹಾಕಿಸಿದಳು. ನಿನ್ನೆ ಕೇಬಲ್ ರಿಪೇರಿಗೆ ಬಂದ ಹುಡುಗ, ಪಾಪ, ಟೈಮ್ ತಪ್ಪು ತೋರಿಸ್ತಿದೆ ಅಂತ ಸ್ಟೂಲ್ ಹತ್ತಿ ಸರಿ ಮಾಡಿ ಹೋಗಿದ್ದಾನೆ. ಬರೋ ಕಾಲ್ ಶನಿವಾರ ಮೂರು ಗಂಟೆಗಂತೆ. ಯಾವ ಮೂರು ಅಂತ ಕೇಳೋಣ ಅಂದರೆ ಅಕ್ಕ ಫೋನೇ ಎತ್ತುತ್ತಿಲ್ಲ.